ಆತಂಕವಿರುವ ಖಿನ್ನತೆ, ಆತಂಕವಿಲ್ಲದ ಖಿನ್ನತೆ: ಮಿದುಳಿನ ಎಡ-ಬಲಗಳಲ್ಲಿ ವ್ಯತ್ಯಾಸವಿದೆಯೇ?

ಪ್ರಶ್ನೆ: ನನ್ನ ತಂಗಿಗೆ ಖಿನ್ನತೆಯೊಂದಿಗೆ ತೀವ್ರ ಆತಂಕವೂ ಇದೆ. ಖಿನ್ನತೆಯಲ್ಲಿ ಮಿದುಳಿನ ಎಡಭಾಗ ಮಂದವಾಗುತ್ತದೆ ಎಂದು ಓದಿದ್ದೇನೆ. ಆತಂಕವೂ ಸೇರಿದಾಗ ಈ ಚಿತ್ರ ಬದಲಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬದಲಾಗುತ್ತದೆ ಎನ್ನಲು ಆಧಾರಗಳಿವೆ. ನೀವು ಓದಿರುವುದು ಮಿದುಳಿನ ಮುಂಭಾಗದ ವಿಷಯ. ಮನೋವಿಜ್ಞಾನಿ ರಿಚರ್ಡ್ ಡೇವಿಡ್‌ಸನ್ ಮತ್ತು ಸಂಗಡಿಗರು ಅದನ್ನು ಇಇಜಿಯ, ಅಂದರೆ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಪರೀಕ್ಷೆಯ, ಮೂಲಕ ಗುರುತಿಸಿದ್ದರು. ಆತಂಕದ ವ್ಯತ್ಯಾಸ ಕಂಡದ್ದು ಹಿಂಭಾಗದಲ್ಲಿ. ನ್ಯೂಯಾರ್ಕ್‌ನ ಜೆರಾರ್ಡ್ ಬ್ರೂಡರ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕವೂ ಇದ್ದ ರೋಗಿಗಳಲ್ಲಿ ಬಲ ಗೋಳಾರ್ಧದ ಹಿಂಭಾಗವು ಎಡಕ್ಕಿಂತ ಹೆಚ್ಚು ಚಟುವಟಿಕೆಯಿಂದಿದ್ದರೆ, ಆತಂಕವಿಲ್ಲದವರಲ್ಲಿ ಅದೇ ಭಾಗ ಮಂದವಾಗಿತ್ತು. ಇಇಜಿಯಲ್ಲಿ ಆಲ್ಫಾ ಎಂಬ ವಿಶ್ರಾಂತಿಯ ತರಂಗ ಹೆಚ್ಚಿರುವ ಕಡೆ ಚಟುವಟಿಕೆ ಕಡಿಮೆಯೆಂದು ಅರ್ಥ. ವರದಿ ಓದುವಾಗ ಇದನ್ನು ಮರೆಯಬಾರದು.

ಉತ್ತರ 2: ಆತಂಕವೂ ಒಂದೇ ಬಗೆಯದಲ್ಲ. ಮನೋವಿಜ್ಞಾನಿ ವೆಂಡಿ ಹೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಎದೆಬಡಿತ ಏರಿಸುವ ದಿಗಿಲನ್ನು ಬಲಭಾಗಕ್ಕೂ, ಮಾತಿನ ರೂಪದಲ್ಲಿ ಮನಸ್ಸಿನಲ್ಲಿ ಸುತ್ತುವ ಚಿಂತೆಯನ್ನು ಎಡಭಾಗಕ್ಕೂ ಜೋಡಿಸಿದ್ದಾರೆ. ಆದರೆ ಇವೆಲ್ಲ ಗುಂಪುಗಳ ಸರಾಸರಿಗಳು. ಒಬ್ಬರ ಇಇಜಿ ನೋಡಿ ರೋಗನಿರ್ಣಯ ಮಾಡಲಾಗದು. ತಂಗಿಯ ಆತಂಕ ಯಾವ ಬಗೆಯದೆಂದು ಮನೋವೈದ್ಯರಿಗೆ ವಿವರವಾಗಿ ತಿಳಿಸಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಅವಳದು ರಾತ್ರಿಯಿಡೀ ಸುತ್ತುವ ಚಿಂತೆ. ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಹೇಳುತ್ತೇವೆ.