ಸ್ವಂತ ಚಾನೆಲ್ಲಿಗೂ ಗಿರಾಕಿ ಜಾಹೀರಾತಿಗೂ ಸೇರಿ ಯಾವ ಸ್ಟಾಕ್ ಚಂದಾ ತಗೊಳ್ಳೋದು?

ಕೊಪ್ಪಳ_ಕಟ್:
ಎಲ್ಲರಿಗೂ ನಮಸ್ಕಾರ. ಕೃಷಿ ವಿಷಯದ ಯೂಟ್ಯೂಬ್ ಚಾನೆಲ್ ಒಂದು ಐತಿ. ಅದರ ಜೊತೆಗೆ ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಗೆ, ಬಳ್ಳಾರಿಯ ಜೀನ್ಸ್ ಅಂಗಡಿಗಳಿಗೆ 30 ಸೆಕೆಂಡಿನ ಜಾಹೀರಾತು, ರೀಲ್ಸ್ ಮಾಡಿಕೊಡುವ ಕೆಲಸ. ರೆಡಿಮೇಡ್ (ಸ್ಟಾಕ್) ಸಂಗೀತ, ವಿಡಿಯೊ ಕ್ಲಿಪ್ ಚಂದಾಕ್ಕೆ ಕೊಡೋ ತಾಣಗಳಲ್ಲಿ ಎಪಿಡೆಮಿಕ್ ಸೌಂಡ್, ಆರ್ಟ್‌ಲಿಸ್ಟ್, ಎನ್ವಾಟೊ, ಸ್ಟೋರಿಬ್ಲಾಕ್ಸ್ ನಾಲ್ಕನ್ನೂ ನೋಡಿದೆ. ಬಜೆಟ್ ಒಂದಕ್ಕೆ ಮಾತ್ರ. ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನಲ್ಲಿ, ಟೈಮ್‌ಲೈನ್ 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್). ದುಡ್ಡು ಕಟ್ಟೋದು ನಿಲ್ಲಿಸಿದ ಮೇಲೆ ಹಳೇ ವಿಡಿಯೊಗಳ ಗತಿ ಏನು ಅನ್ನೋದೂ ತಿಳೀಬೇಕು.

ಟೈಮ್‌ಲೈನ್_ಬಳ್ಳಾರಿ:
ಎಷ್ಟು ಲಕ್ಷ ಕ್ಲಿಪ್ ಇದಾವೆ ಅನ್ನೋ ಲೆಕ್ಕ ಪಕ್ಕಕ್ಕಿಟ್ಟು ಲೈಸೆನ್ಸ್ ಪುಟ ಓದ್ರಿ. ನಿಮ್ಮ ವಿಷಯದಲ್ಲಿ ತೀರ್ಮಾನ ಆಗೋದೇ ಅಲ್ಲಿ. ಕಡಿಮೆ ಬೆಲೆಯ ಪರ್ಸನಲ್ ಅಥವಾ ಕ್ರಿಯೇಟರ್ ಪ್ಲಾನ್ ಸಾಮಾನ್ಯವಾಗಿ ನಿಮ್ಮದೇ ಚಾನೆಲ್ಲಿಗೆ ಸೀಮಿತ. ರೈಸ್ ಮಿಲ್‌ನವರ ಪೇಜಿನಲ್ಲಿ ಹೋಗುವ ಜಾಹೀರಾತು ಗಿರಾಕಿ ಕೆಲಸ, ಅದಕ್ಕೆ ಮೇಲಿನ ಪ್ಲಾನ್ ಬೇಕು. ಲೋಕಲ್ ಕೇಬಲ್ ಚಾನೆಲ್ ಅಥವಾ ಟಾಕೀಸಿನ ಪರದೆ ಮೇಲೂ ಹಾಕಿಸೋದಿದ್ದರೆ ಇನ್ನೂ ಹುಷಾರಾಗಿರಬೇಕು, ಎಷ್ಟೋ ಪ್ಲಾನ್‌ಗಳು ಆನ್‌ಲೈನಿಗೆ ಮಾತ್ರ ಅನುಮತಿ ಕೊಡ್ತಾವೆ.

ಚಂದಾ ನಿಲ್ಲಿಸಿದ ಮೇಲಿನ ಮಾತು. ಎಪಿಡೆಮಿಕ್ ಸೌಂಡ್‌ನಲ್ಲಿ ಚಂದಾ ಚಾಲ್ತಿಯಲ್ಲಿದ್ದಾಗ ಪ್ರಕಟಿಸಿದ ವಿಡಿಯೊ ಮುಂದೆಯೂ ಸುರಕ್ಷಿತ, ಆದರೆ ಅದೇ ಹಾಡನ್ನು ಆಮೇಲೆ ಹೊಸ ವಿಡಿಯೊಗೆ ಹಾಕುವಂತಿಲ್ಲ. ಎನ್ವಾಟೊ ಎಲಿಮೆಂಟ್ಸ್‌ನಲ್ಲಿ ಡೌನ್‌ಲೋಡ್ ಮಾಡುವಾಗಲೇ ಯಾವ ಪ್ರಾಜೆಕ್ಟ್‌ಗೆ ಅಂತ ಹೆಸರು ಕೊಟ್ಟು ನೋಂದಾಯಿಸಬೇಕು. ಒಂದೇ ಟ್ರ್ಯಾಕ್ ಮೂರು ಅಂಗಡಿಗೆ ಹಾಕಿದರೆ ಮೂರು ಸಲ ನೋಂದಾಯಿಸಬೇಕು. ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಟ್ಟು, ಚಂದಾ ಮುಗಿದ ಮೇಲೆ ಬಳಸ್ತೀನಿ ಅಂದರೆ ಅದು ಲೈಸೆನ್ಸ್ ಇಲ್ಲದ ಬಳಕೆ. ಆದ್ದರಿಂದ ಪ್ರತಿ ಗಿರಾಕಿಗೆ ಒಂದು ಫೋಲ್ಡರ್ ಮಾಡಿ, ಲೈಸೆನ್ಸ್ ಸರ್ಟಿಫಿಕೇಟ್, ಟ್ರ್ಯಾಕ್ ಹೆಸರು, ಡೌನ್‌ಲೋಡ್ ದಿನಾಂಕ, ಪ್ರಕಟಿಸಿದ ದಿನಾಂಕ ಅದರಲ್ಲಿಡ್ರಿ.

ಸರ್ಟಿಫಿಕೇಟ್ ಯಾಕಂದ್ರೆ, ದುಡ್ಡು ಕೊಟ್ಟು ತಗೊಂಡ ಸಂಗೀತಕ್ಕೂ ಕಂಟೆಂಟ್ ಐಡಿ (ಹಕ್ಕಿರುವ ಹಾಡನ್ನು ತಾನೇ ಗುರುತಿಸುವ ಯೂಟ್ಯೂಬಿನ ಯಂತ್ರ) ಕ್ಲೇಮ್ ಬರ್ತದ. ಸಂಗೀತಗಾರರು ತಮ್ಮ ಟ್ರ್ಯಾಕನ್ನು ಅಲ್ಲಿ ನೋಂದಾಯಿಸಿರ್ತಾರೆ, ಯಂತ್ರಕ್ಕೆ ನಿಮ್ಮ ಚಂದಾ ಕಾಣೋದಿಲ್ಲ. ಕ್ಲೇಮ್ ಅಂದರೆ ಚಾನೆಲ್ಲಿಗೆ ಬೀಳುವ ದಂಡನೆ, ಅಂದರೆ ಸ್ಟ್ರೈಕ್ ಅಲ್ಲ, ಗಾಬರಿಯಾಗಿ ವಿಡಿಯೊ ಅಳಿಸಬ್ಯಾಡ್ರಿ. ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ ಅದರಲ್ಲಿ ಲೈಸೆನ್ಸ್ ವಿವರ ಬರೆದು ಕಳಿಸ್ರಿ. ಎದುರಿನವರಿಗೆ ಉತ್ತರ ಕೊಡಲು 30 ದಿನ ಇರ್ತದ. ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದ ಬಂದ ಜಾಹೀರಾತು ಹಣವನ್ನು ಯೂಟ್ಯೂಬ್ ತಡೆದಿಟ್ಟು, ತೀರ್ಮಾನ ಆದ ಮೇಲೆ ಗೆದ್ದವರಿಗೆ ಕೊಡ್ತದ. ತಡ ಮಾಡಿದರೆ ಆ ದಿನಗಳ ಹಣ ಕೈಬಿಟ್ಟಂಗೇ. ಎಪಿಡೆಮಿಕ್‌ನಲ್ಲಿ ಚಾನೆಲ್ಲನ್ನು ಖಾತೆಗೆ ಜೋಡಿಸಿದರೆ ಈ ತಾಪತ್ರಯ ಬಹಳ ಕಡಿಮೆ. ಜೋಡಿಸಿದ ಮೇಲೇ ಅಪ್‌ಲೋಡ್ ಮಾಡ್ರಿ.

ರಾಯಚೂರು_25ಪಿ:
ಫೂಟೇಜ್ ಬಗ್ಗೆ ಹೇಳ್ತೀನಿ. ಭತ್ತದ ಗದ್ದೆ ಅಂತ ಹುಡುಕಿದರೆ ಬರೋದು ಹೆಚ್ಚಾಗಿ ವಿಯೆಟ್ನಾಂ, ಬಾಲಿ ಕಡೆಯದ್ದು: ಬೆಟ್ಟದ ಮೇಲೆ ಮೆಟ್ಟಿಲು ಗದ್ದೆ, ಚೂಪು ತುದಿಯ ಬಿದಿರಿನ ಟೋಪಿ. ಭಾರತದ ಹಳ್ಳಿ ಅಂದರೆ ರಾಜಸ್ಥಾನದ ಪೇಟ, ಪಂಜಾಬಿನ ಗೋಧಿ. ತುಂಗಭದ್ರಾ ಎಡದಂಡೆ ಕಾಲುವೆ, ಸಿಂಧನೂರಿನ ಸಮತಟ್ಟು ಗದ್ದೆ, ಮಾನ್ವಿ ಕಡೆಯ ಎರೆ ಭೂಮಿಯಲ್ಲಿ ಹತ್ತಿ ಬಿಡಿಸೋ ಹೆಣ್ಮಕ್ಕಳು, ಇದು ಯಾವ ಚಂದಾದಲ್ಲೂ ನಿಮಗೆ ಬೇಕಾದಂಗೆ ಸಿಗೋದಿಲ್ಲ. ನಮ್ಮ ಭಾಗದ ರೈತ ಅದನ್ನ ಎರಡು ಸೆಕೆಂಡಿಗೇ ಗುರುತಿಸ್ತಾನ, ಅಲ್ಲಿಗೆ ವಿಡಿಯೊ ಮೇಲಿನ ನಂಬಿಕೆ ಹೋಯ್ತು. ಊರಿನ ದೃಶ್ಯ ನೀವೇ ಶೂಟ್ ಮಾಡ್ರಿ. ಸ್ಟಾಕಿನಿಂದ ಮೋಡ, ನೀರ ಹನಿ, ಮೊಳಕೆಯ ಟೈಮ್‌ಲ್ಯಾಪ್ಸ್, ಮ್ಯಾಪ್ ಅನಿಮೇಶನ್, ಟೈಟಲ್ ಟೆಂಪ್ಲೇಟ್ ಇಂಥವನ್ನಷ್ಟೇ ತಗೊಳ್ರಿ. ಅಷ್ಟಕ್ಕೆ ಪೆಕ್ಸೆಲ್ಸ್, ಪಿಕ್ಸಾಬೇ ಉಚಿತ ಕ್ಲಿಪ್ಪೇ ಎಷ್ಟೋ ಸಲ ಸಾಕು.

ಮಿಲ್ಲಿನ ಒಳಗೆ ಶೂಟ್ ಮಾಡುವಾಗ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡ್ರಿ. ನಮ್ಮ ಕರೆಂಟು 50 ಹರ್ಟ್ಸ್, ಫೋನಿನ 30 ಎಫ್‌ಪಿಎಸ್, 1/60ರಲ್ಲಿ ತೆಗೆದರೆ ಟ್ಯೂಬ್‌ಲೈಟ್ ಬೆಳಕು ಪಟ್ಟೆಪಟ್ಟೆಯಾಗಿ ಓಡ್ತದ. ಎಡಿಟಿಂಗ್‌ನಲ್ಲಿ ಅದು ಪೂರ್ತಿ ಹೋಗೋದು ಕಷ್ಟ.

ಸ್ಟಾಕ್ ಕ್ಲಿಪ್ಪಿನ ಎಫ್‌ಪಿಎಸ್ ಡೌನ್‌ಲೋಡ್‌ಗೆ ಮೊದಲೇ ನೋಡ್ರಿ. 29.97ರ ಕ್ಲಿಪ್ಪನ್ನು ಹಂಗೇ 25ರ ಟೈಮ್‌ಲೈನಿಗೆ ಎಳೆದರೆ ಫ್ರೇಮ್ ಬಿಟ್ಟುಹೋಗಿ ಪ್ಯಾನ್ ಶಾಟ್ (ಕ್ಯಾಮೆರಾ ಪಕ್ಕಕ್ಕೆ ತಿರುಗುವ ಶಾಟ್) ಜರ್ಕ್ ಹೊಡೀತದ. ರಿಸಾಲ್ವ್‌ನ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್, ಕ್ಲಿಪ್ ಆಟ್ರಿಬ್ಯೂಟ್ಸ್, ಅಲ್ಲಿ ವಿಡಿಯೊ ಫ್ರೇಮ್ ರೇಟ್ 25 ಮಾಡ್ರಿ. ವೇಗ ಸುಮಾರು 83 ಶೇಕಡಾಕ್ಕೆ ಇಳೀತದ. ನೀರು, ಮೋಡಕ್ಕೆ ನಡೀತದ, ಮನುಷ್ಯರ ನಡಿಗೆಗೆ ಒಗ್ಗೋದಿಲ್ಲ. 23.976 ಆದರೆ ಶೇಕಡಾ 4ರಷ್ಟು ಜೋರಾಗ್ತದ, ಕಣ್ಣಿಗೆ ತಿಳಿಯೋದಿಲ್ಲ. 59.94 ಇದ್ದರೆ ಒಳ್ಳೇ ಸ್ಲೋಮೋಷನ್.

ಇನ್ನೊಂದು, 4ಕೆ ಪ್ರೊರೆಸ್ (ಎಡಿಟಿಂಗ್‌ಗೆ ಅಂತ ಇರುವ ಭಾರೀ ಗಾತ್ರದ) ಫೈಲ್ ಸುಮ್ಮನೆ ಇಳಿಸಬ್ಯಾಡ್ರಿ. ಅದರ 422 ಎಚ್‌ಕ್ಯೂ ಅನ್ನೋ ಬಗೆ 25 ಎಫ್‌ಪಿಎಸ್‌ನಲ್ಲಿ ಸೆಕೆಂಡಿಗೆ ಸುಮಾರು 737 ಮೆಗಾಬಿಟ್, ಅಂದರೆ 20 ಸೆಕೆಂಡಿನ ಕ್ಲಿಪ್ಪೇ 1.8 ಜಿಬಿ. ರೀಲ್ಸಿಗೆ ಚಿಕ್ಕದಾಗಿ ಕುಗ್ಗಿಸಿದ ಎಚ್.264 ಫೈಲೇ ಸಾಕು. ಅಡ್ಡ ಕ್ಲಿಪ್ಪನ್ನು 9:16ಕ್ಕೆ ಕತ್ತರಿಸೋದಿದ್ದರೆ ಮಾತ್ರ 4ಕೆ ಬೇಕು.

ಕೊಪ್ಪಳ_ಕಟ್:
ಬಹಳ ಉಪಕಾರ ಆಯ್ತು. ಹಂಗಾದ್ರ ಫೂಟೇಜಿಗಿಂತ ಸಂಗೀತಕ್ಕೇ ದುಡ್ಡು ಹಾಕೋದು ಅಂತಾಯ್ತು. ಕಾರ್ಡ್‌ನಿಂದ ಕಟ್ಟೋದರಲ್ಲಿ ಏನಾದರೂ ತೊಡಕು ಐತೇನು? ದವಾಖಾನೆಯವರೊಬ್ಬರು ಜಾಹೀರಾತು ಕೇಳ್ಯಾರ, ಅದಕ್ಕೆ ರೋಗಿ ಪಾತ್ರದಲ್ಲಿ ಸ್ಟಾಕ್ ಕ್ಲಿಪ್ ನಡೀತದೇನು?

ಲೆಕ್ಕ_ಮತ್ತು_ಲೆನ್ಸ್:
ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆನ್ ಮಾಡಿ, ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ. ಆಟೋ ಡೆಬಿಟ್ 15,000 ರೂಪಾಯಿವರೆಗೆ ಒಟಿಪಿ ಇಲ್ಲದೆ ನಡೆಯುತ್ತೆ, 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು. ವರ್ಷದ ಪ್ಲಾನ್ ಅದಕ್ಕಿಂತ ಹೆಚ್ಚಾದರೆ ಪ್ರತಿ ನವೀಕರಣಕ್ಕೂ ನೀವೇ ಒಪ್ಪಿಗೆ ಕೊಡಬೇಕು. ಪಾವತಿ ಫೇಲ್ ಆಗಿ ಚಂದಾ ನಿಂತರೆ, ಆ ಮಧ್ಯೆ ಪ್ರಕಟಿಸಿದ ವಿಡಿಯೊಗೆ ಲೈಸೆನ್ಸ್ ಇರೋದಿಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಡಾಲರ್ ಬೆಲೆಯ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ, ಜೊತೆಗೆ 18 ಶೇಕಡಾ ಜಿಎಸ್‌ಟಿ ಸೇರಿಸಿಯೇ ಗಿರಾಕಿಗೆ ಕೊಟೇಶನ್ ಕೊಡಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಆ ತೆರಿಗೆ ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರು ಕಟ್ಟುವ ಪದ್ಧತಿ) ನೀವೇ ಕಟ್ಟಬೇಕಾಗುತ್ತೆ, ನಿಮ್ಮ ಆಡಿಟರ್‌ಗೆ ಇನ್‌ವಾಯ್ಸ್ ತೋರಿಸಿ.

ಟೈಮ್‌ಲೈನ್_ಬಳ್ಳಾರಿ:
ದವಾಖಾನೆ ಜಾಹೀರಾತಿಗೆ ಎರಡು ಕಡೆ ನೋಡಬೇಕು. ಕ್ಲಿಪ್ ಮೇಲೆ ಎಡಿಟೋರಿಯಲ್ (ಸುದ್ದಿ, ಮಾಹಿತಿಗೆ ಮಾತ್ರ) ಅಂತ ಇದ್ದರೆ ಜಾಹೀರಾತಿಗೆ ಮುಟ್ಟೋದೇ ಬೇಡ, ಅದರಲ್ಲಿರುವವರ ಮಾಡೆಲ್ ರಿಲೀಸ್ (ಮುಖ ಬಳಸಲು ಲಿಖಿತ ಒಪ್ಪಿಗೆ) ಇರೋದಿಲ್ಲ. ರಿಲೀಸ್ ಇದ್ದರೂ ಕುಡಿತ ಬಿಡಿಸೋದು, ಮಾನಸಿಕ ಕಾಯಿಲೆ, ಲೈಂಗಿಕ ರೋಗ ಇಂಥ ವಿಷಯಕ್ಕೆ ಆ ಮುಖ ಹಾಕಿ ಇವರಿಗೇ ರೋಗ ಐತಿ ಅನ್ನಿಸೋದನ್ನು ಬಹುತೇಕ ಲೈಸೆನ್ಸ್‌ಗಳು ತಡೀತಾವೆ. ಪೆಕ್ಸೆಲ್ಸ್‌ನಂಥ ಉಚಿತ ತಾಣಗಳೂ ಗುರುತು ಸಿಗುವ ವ್ಯಕ್ತಿಯನ್ನು ಕೆಟ್ಟದಾಗಿ ತೋರಿಸಬಾರದು ಅಂತಾವೆ. ಆಸ್ಪತ್ರೆ ಕಾರಿಡಾರ್, ಸ್ಟೆತಸ್ಕೋಪ್ ಹಿಡಿದ ಕೈ, ಬಿಪಿ ಯಂತ್ರ, ಹಿಂದಿನಿಂದ ತೆಗೆದ ಶಾಟ್, ಇಷ್ಟರಲ್ಲೇ ಮುಗಿಸ್ರಿ. ರೋಗಿ ಮುಖ ಬೇಕೇ ಬೇಕು ಅಂದರೆ ಊರಿನ ನಾಟಕ ಕಲಾವಿದರೊಬ್ಬರನ್ನು ಕರೆಸಿ, ಯಾವ ಜಾಹೀರಾತು, ಎಲ್ಲೆಲ್ಲಿ ಪ್ರಸಾರ, ಎಷ್ಟು ಕಾಲ ಅಂತ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಂಡು ಶೂಟ್ ಮಾಡ್ರಿ.