ಪ್ಯಾಕೇಜಾ, ಬಿಡಿ ಬಿಲ್ಲಾ? ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಅನುಭವ ಇರುವವರು ಹೇಳಿ

ಪ್ರಶ್ನೆ: ಅಪ್ಪನಿಗೆ ಮಂಡಿ ಕೀಲು ಬದಲಿಸುವ ಆಪರೇಷನ್ ಆಗಬೇಕಿದೆ. ಒಂದು ಆಸ್ಪತ್ರೆಯವರು ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ದರ ಹೇಳಿದ್ದಾರೆ. ಇನ್ನೊಂದು ಕಡೆ ಟೆಸ್ಟು, ಔಷಧಿ, ರೂಮು, ಡಾಕ್ಟರ ಭೇಟಿ, ಎಲ್ಲಕ್ಕೂ ಬೇರೆ ಬೇರೆ ಬಿಲ್ಲು. ಎರಡೂ ಕಡೆ ಡಾಕ್ಟರು ಒಳ್ಳೆಯವರು. ದುಡ್ಡು ಕಟ್ಟುವ ರೀತಿಯಿಂದ ಚಿಕಿತ್ಸೆಯ ಗುಣಮಟ್ಟ ಬದಲಾಗುತ್ತದಾ? ಏನೇನು ಕೇಳಿಕೊಳ್ಳಬೇಕು?

ಮೂಳೆ ವಾರ್ಡಿನ ನರ್ಸ್:
ಬದಲಾಗುತ್ತದೆ. ಎರಡೂ ಬಗೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಆಪರೇಷನ್ ಥಿಯೇಟರಿನ ಒಳಗೆ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅದರ ಹಿಂದು ಮುಂದಿನ ಕೆಲಸದಲ್ಲಿ ಕಾಣುತ್ತದೆ.

ಬಿಡಿ ಬಿಲ್ಲು ಇದ್ದ ಕಡೆ ದಿನಾ ಬೆಳಿಗ್ಗೆ ರಕ್ತ ಪರೀಕ್ಷೆ ಬರೆದೇ ಇರುತ್ತಿತ್ತು. ನಿನ್ನೆಯ ರಿಪೋರ್ಟ್ ಸರಿ ಇದ್ದರೂ ಇವತ್ತು ಮತ್ತೆ ಸೂಜಿ. ಯಾರೂ ಕೆಟ್ಟ ಮನಸ್ಸಿನಿಂದ ಬರೆಯುತ್ತಿರಲಿಲ್ಲ. ಸಾಕು, ನಿಲ್ಲಿಸೋಣ ಅನ್ನುವ ಕಾಳಜಿ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಪ್ಯಾಕೇಜ್ ಇದ್ದ ಕಡೆ ಆ ಸೂಜಿ ಇಲ್ಲ. ಅದು ರೋಗಿಗೆ ಒಳ್ಳೆಯದೇ.

ಆದರೆ ದಿನ ಹೆಚ್ಚಾದರೆ ಖರ್ಚು ಆಸ್ಪತ್ರೆಯದೇ, ಹಾಗಾಗಿ ಅಲ್ಲಿ ಡಿಸ್ಚಾರ್ಜ್‌ಗೆ ಅವಸರ ಜಾಸ್ತಿ. ಒಬ್ಬ ಅಜ್ಜಿ ನೆನಪಾಗುತ್ತಾರೆ. ವಾಕರ್ ಹಿಡಿದು ಬಾತ್‌ರೂಮಿನವರೆಗೆ ನಡೆಯುತ್ತಿದ್ದರು. ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಹೋಗಬಹುದಲ್ವಾ’ ಅಂದರು. ಅವರ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಫಿಸಿಯೋಥೆರಪಿ ಹಾಳೆಯಲ್ಲಿ ಮೆಟ್ಟಿಲು ಹತ್ತಿಳಿಯುವ ಸಾಲು ಖಾಲಿ ಇತ್ತು. ಮಗಳು ಆ ಹಾಳೆ ತೋರಿಸಿ ಕೇಳಿದ ಮೇಲೆ ಉಳಿಸಿಕೊಂಡರು, ಮೆಟ್ಟಿಲು ಹತ್ತಿಸಿಯೇ ಕಳಿಸಿದರು. ನೀವೂ ಆಪರೇಷನ್ನಿಗೆ ಮೊದಲೇ ಕೇಳಿ: ಅಪ್ಪ ಏನೇನು ಮಾಡುವಂತಾದರೆ ಮನೆಗೆ ಕಳಿಸುತ್ತೀರಿ? ದಿನದ ಲೆಕ್ಕ ಹೇಳಿದರೆ ಸುಮ್ನೆ ಒಪ್ಪಬೇಡಿ.

ಆರೋಗ್ಯ ನೀತಿ ಪಾಠ ಮಾಡುವವರು:
ನರ್ಸ್ ಹೇಳಿದ್ದು ಒಂದೆರಡು ಆಸ್ಪತ್ರೆಯ ಕಥೆಯಲ್ಲ. ಅಮೆರಿಕದಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಮೊದಲು ಅದು ಆಸ್ಪತ್ರೆಗೆ ಆದ ಖರ್ಚು ನೋಡಿ ದುಡ್ಡು ಕೊಡುತ್ತಿತ್ತು. 1983ರಲ್ಲಿ ಕಾಯಿಲೆಗೆ ಇಷ್ಟು ಎಂದು ದರ ಗೊತ್ತು ಮಾಡುವ ಪದ್ಧತಿಗೆ ಬಂತು. ರೋಗಿಗಳು ಆಸ್ಪತ್ರೆಯಲ್ಲಿ ಇರುವ ದಿನಗಳು ಬೇಗನೆ ಕಡಿಮೆಯಾದವು. ಆಮೇಲೆ ಸಂಶೋಧಕರು ಹಿಂದಿನ, ಮುಂದಿನ ದಾಖಲೆಗಳನ್ನು ಹೋಲಿಸಿದರು. ಈ ಬದಲಾವಣೆಯಿಂದ ಸಾವು ಹೆಚ್ಚಿದ್ದು ಕಾಣಲಿಲ್ಲ. ಆದರೆ ಪೂರ್ತಿ ಸುಧಾರಿಸದೆ ಮನೆಗೆ ಹೋದವರ ಪಾಲು ಹೆಚ್ಚಾಗಿತ್ತು.

2012ರಿಂದ ಅಲ್ಲಿ ಇನ್ನೊಂದು ನಿಯಮವಿದೆ. ಡಿಸ್ಚಾರ್ಜ್ ಆದ 30 ದಿನದೊಳಗೆ ಮತ್ತೆ ಅಡ್ಮಿಟ್ ಆಗುವವರು ನಿರೀಕ್ಷೆಗಿಂತ ಹೆಚ್ಚಾದರೆ ಆಸ್ಪತ್ರೆಗೆ ಬರುವ ದುಡ್ಡು ಕಡಿತವಾಗುತ್ತದೆ. ಮೊದಲು ಹೃದಯಾಘಾತ, ನ್ಯುಮೋನಿಯಾದಂಥವು ಇದ್ದವು, ನಂತರ ಮಂಡಿ ಮತ್ತು ಸೊಂಟದ ಕೀಲು ಬದಲಿಯೂ ಸೇರಿತು. ಹಾಗಾಗಿ ನಿಮ್ಮ ಎರಡೂ ಆಸ್ಪತ್ರೆಗಳನ್ನು ಇದನ್ನೇ ಕೇಳಿ: ಕೀಲು ಬದಲಿಸಿಕೊಂಡವರಲ್ಲಿ ತಿಂಗಳೊಳಗೆ ವಾಪಸ್ ಬಂದವರೆಷ್ಟು, ಸೋಂಕು ಆದದ್ದೆಷ್ಟು? ಲೆಕ್ಕ ಇಟ್ಟಿರುವ ಆಸ್ಪತ್ರೆ ಉತ್ತರ ಕೊಡುತ್ತದೆ.

ಹೀಗೆ ಗುಣಮಟ್ಟ ಅಳೆಯುವುದರಲ್ಲೂ ಒಂದು ತೊಡಕಿದೆ. ಬ್ರಿಟನ್ನಿನಲ್ಲಿ 2004ರಿಂದ ಬಿಪಿ, ಶುಗರ್, ಆಸ್ತಮಾ ಚೆನ್ನಾಗಿ ನೋಡಿಕೊಂಡ ಕುಟುಂಬ ವೈದ್ಯರಿಗೆ ಅಂಕ ಕೊಟ್ಟು, ಅಂಕಕ್ಕೆ ದುಡ್ಡು ಕೊಟ್ಟರು. ಅಂಕ ಇದ್ದ ಕೆಲಸ ಸುಧಾರಿಸಿತು. ಅಂಕ ಇಲ್ಲದ ಕೆಲಸ ಅಷ್ಟು ಸುಧಾರಿಸಲಿಲ್ಲ.

ಬಿಲ್ಲಿಂಗ್ ಕೌಂಟರಿನವರು:
ಆಸ್ಪತ್ರೆ ಪ್ಯಾಕೇಜ್ ದರ ಗೊತ್ತು ಮಾಡುವುದು ಬೇರೆ ತೊಂದರೆ ಇಲ್ಲದ ರೋಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಅಪ್ಪನವರಿಗೆ ಶುಗರ್ ಇದೆಯಾ, ಹೃದಯದ ತೊಂದರೆ ಇದೆಯಾ? ಇದ್ದರೆ ಮೊದಲೇ ಹೇಳಿ, ಅದು ಪ್ಯಾಕೇಜಿನಲ್ಲಿ ಬರುತ್ತದಾ ಕೇಳಿ. ಅಂಥ ರೋಗಿಗೆ ಖರ್ಚು ಜಾಸ್ತಿ, ಬರುವ ದುಡ್ಡು ಮಾತ್ರ ಅಷ್ಟೇ. ಹಾಗಾಗಿ ಕೆಲವು ಕಡೆ ನಯವಾಗಿ ‘ದೊಡ್ಡ ಆಸ್ಪತ್ರೆಗೆ ಹೋಗಿ’ ಅನ್ನುತ್ತಾರೆ. ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಕೀಲು, ಯಾವುದು ಎಂದೂ ಹೆಸರು, ಮಾದರಿ ಸಮೇತ ಬರೆಸಿಕೊಳ್ಳಿ. ಐಸಿಯು, ರಕ್ತ, ಗಾಯಕ್ಕೆ ಸೋಂಕಾದರೆ ಮತ್ತೆ ಆಪರೇಷನ್, ಇವು ಯಾರ ಲೆಕ್ಕಕ್ಕೆ? ಮಾತಿನಲ್ಲಿ ಬೇಡ, ಕಾಗದದ ಮೇಲೆ ಬೇಕು.

ಅಮ್ಮನ ಆರೈಕೆ ಮಾಡಿದವರು:
ನಮ್ಮ ಅಮ್ಮನದೂ ಇದೇ ಆಪರೇಷನ್. ಆಸ್ಪತ್ರೆಯದು ವಿಮೆಯಲ್ಲಿ ಹೋಯಿತು, ಆಮೇಲಿನ ಫಿಸಿಯೋ ಕೈಯಿಂದ. ಪ್ರತಿ ಸಲ ದುಡ್ಡು ಕೊಡುವಾಗ ಅಮ್ಮ ‘ಇನ್ನು ಸಾಕು, ನಾನೇ ಮಾಡಿಕೊಳ್ಳುತ್ತೇನೆ’ ಅಂದು ನಿಲ್ಲಿಸಿಬಿಟ್ಟರು. ಮಂಡಿ ಪೂರ್ತಿ ಮಡಚಲು ಬಹಳ ಕಾಲ ಹಿಡಿಯಿತು.

ಪಾಠ ಮಾಡುವವರು:
ಇದು ತುಂಬ ಮುಖ್ಯ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಕುಟುಂಬಗಳನ್ನು ಬೇರೆ ಬೇರೆ ವಿಮೆಗೆ ಹಾಕಿ ದೊಡ್ಡ ಪ್ರಯೋಗ ಶುರು ಮಾಡಿತು. ಕೆಲವರಿಗೆ ಚಿಕಿತ್ಸೆ ಉಚಿತ, ಕೆಲವರು ಒಂದು ಪಾಲು ಕಟ್ಟಬೇಕು. ಕಟ್ಟುವವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು. ಆದರೆ ಬೇಡದ ಚಿಕಿತ್ಸೆಯ ಜೊತೆಗೆ ಬೇಕಾದದ್ದನ್ನೂ ಬಿಟ್ಟಿದ್ದರು. ಬಡವರಲ್ಲಿ ಬಿಪಿ ಇದ್ದವರಿಗೆ ಉಚಿತ ಚಿಕಿತ್ಸೆಯಲ್ಲೇ ಬಿಪಿ ಚೆನ್ನಾಗಿ ಹಿಡಿತಕ್ಕೆ ಬಂತು. ಜೇಬಿನಿಂದ ಕೊಡಬೇಕಾದಾಗ ಯಾವುದು ಬೇಕು, ಯಾವುದು ಬೇಡ ಎಂದು ರೋಗಿ ಬೇರ್ಪಡಿಸುವುದು ಕಷ್ಟ. ಫಿಸಿಯೋ ದುಡ್ಡನ್ನು ಈಗಲೇ ಎತ್ತಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಶುಗರ್ ಇದೆ. ಹಾಗಾದರೆ ಯಾವುದು ಒಳ್ಳೆಯದು?

ಮೂಳೆ ವಾರ್ಡಿನ ನರ್ಸ್:
ಶುಗರ್ ಇದೆ ಅಂದಮೇಲೆ ಸೋಂಕಿನ ಮಾತೇ ಮೊದಲು. ಸೋಂಕಾದರೂ ನಮ್ಮದೇ ಖರ್ಚು ಎಂದು ಪ್ಯಾಕೇಜಿನವರು ಬರೆದುಕೊಟ್ಟರೆ ನಾನು ಅಲ್ಲಿಗೇ ಹೋಗುತ್ತಿದ್ದೆ, ಗಾಯ ಚೆನ್ನಾಗಿ ನೋಡಿಕೊಳ್ಳುವುದು ಅವರಿಗೂ ಬೇಕಾಗುತ್ತದೆ. ಬರೆದುಕೊಡದಿದ್ದರೆ ಇನ್ನೊಂದು ಆಸ್ಪತ್ರೆ. ಅಲ್ಲಿ ಪ್ರತಿ ಟೆಸ್ಟಿಗೂ ‘ಇದರ ಫಲಿತಾಂಶ ಬಂದರೆ ಚಿಕಿತ್ಸೆ ಬದಲಾಗುತ್ತದಾ’ ಎಂದು ಕೇಳಿ. ಶುಗರ್ ಹಿಡಿತಕ್ಕೆ ಬರುವವರೆಗೆ ಎಲ್ಲಿಯೂ ತಾರೀಖು ಹಾಕಿಸಬೇಡಿ.