ಕಣದ ಬಿರುಕು, ಗೋಣಿಚೀಲದ ಜಗಳ

ಸೋಮವಾರಪೇಟೆ ಹತ್ತಿರದ ತೋಟದಲ್ಲಿ ನಮ್ಮ ರವಿ ಹೊಸ ಕಾಫಿ ಕಣಕ್ಕೆ ಕಾಂಕ್ರೀಟ್ ಹಾಕಿಸಿ ವಾರ ಆಗಿತ್ತು. ಮೈತುಂಬ ಬಿರುಕು. ಫೋಟೋ ನೋಡಿದ್ದೇ ತಡ, ದೊಡ್ಡಪ್ಪ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಬಿಟ್ಟರು. ವಾರದೊಳಗೆ ಬಿರುಕು ಬಿಟ್ಟರೆ ಸಿಮೆಂಟ್ ನಕಲಿ, ಹತ್ತು ಜನಕ್ಕೆ ಕಳಿಸಿ, ಅಂತ.

ಸುಮಾ: ದೊಡ್ಡಪ್ಪ, ಇದನ್ನು ಬರೆದವರು ಯಾರು? ಯಾವ ಪರೀಕ್ಷೆ ಮಾಡಿದ್ದಾರಂತೆ?

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ನಮ್ಮ ಅಪ್ಪ ಸಗಣಿ ಸಾರಿಸಿದ ಕಣದಲ್ಲೇ ಕಾಫಿ ಒಣಗಿಸಿ ನಾಲ್ಕು ಮಕ್ಕಳನ್ನು ಓದಿಸಿದರು. ಈಗಿನವರಿಗೆ ತಾಳ್ಮೆ ಇಲ್ಲ.

ಸುಮಾ: ತಾಳ್ಮೆ ಇಲ್ಲ ಅನ್ನೋದು ಸರಿ. ನೀರು ಆರಿದ ಹಾಗೆ ಕಾಂಕ್ರೀಟ್ ಕುಗ್ಗುತ್ತದೆ. 10 ಮೀಟರಿಗೆ ಸುಮಾರು 3 ಮಿಲಿಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ಕೆಳಗಿನ ನೆಲ ಕುಗ್ಗಲು ಬಿಡುವುದಿಲ್ಲ, ಆ ಎಳೆದಾಟಕ್ಕೆ ಬಿರಿಯುತ್ತದೆ. ಹಾಕಿದ ದಿನವೇ ಗಾಳಿ, ಬಿಸಿಲಿಗೆ ಮೇಲ್ಭಾಗ ಒಣಗಿದರೆ ಸಂಜೆಯೊಳಗೇ ಗೀಟು ಏಳುತ್ತವೆ. ರವಿ, ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆ ಇಡೋದು, ಎಷ್ಟು ದಿನ ಮಾಡಿದೆ?

ರವಿ: ಎರಡು ದಿನ ಅಕ್ಕ. ಕೊಯ್ಲು ಶುರುವಾಯ್ತಲ್ಲ.

ಸುಮಾ: ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಡಿಮೆ ಅಂದರೂ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 10. ಬಿಡದೆ ಒದ್ದೆ ಇರಬೇಕು. ಕಲಸುವಾಗ ನೀರು ಜಾಸ್ತಿ ಆಯ್ತಾ?

ರವಿ: ಎಳೆಯೋಕೆ ಸುಲಭ ಅಂತ ಮೇಸ್ತ್ರಿ ಸ್ವಲ್ಪ ಸುರಿದ.

(ಉತ್ತರ ಇಲ್ಲೇ ಸಿಕ್ಕಿತ್ತು. ಯಾರೂ ಓದಲಿಲ್ಲ.)

ಪ್ರಕಾಶ: ಆಹಾ, ಆ ಹಳೇ ಕಣ! ರಾತ್ರಿ ಮಳೆ ಬಂತು ಅಂತ ನಿದ್ದೆಗಣ್ಣಲ್ಲಿ ಓಡಿ ಟಾರ್ಪಾಲು ಎಳೆದದ್ದು ನೆನಪಿದೆಯಾ?

ಅತ್ತೆ: ನೀನಾ ಎಳೆದದ್ದು? ನೀನು ಅಟ್ಟದಲ್ಲಿ ಗೊರಕೆ ಹೊಡೀತಿದ್ದೆ. ಎಳೆದದ್ದು ನಾನು.

ರವಿ: ಗೋಣಿಚೀಲ ಹೊದಿಸಿ ನೀರು ಬಿಡೋಣ ಅಂತಲೇ ಇದ್ದೆ. ಚೀಲ ಇದ್ದರೆ ತಾನೆ? ಹೋದ ವರ್ಷ 40 ಚೀಲ ಭಾವ ಒಯ್ದರು.

ಬೆಳಗ್ಗಿಂದ ಭಾವ ಎಲ್ಲ ಓದುತ್ತಿದ್ದರು, ಒಂದಕ್ಷರ ಬರೆದಿರಲಿಲ್ಲ.

ಭಾವ: ಕಣ ಬಿರಿದದ್ದಕ್ಕೂ ನಾನೇನಾ? ನಕಲಿ ಸಿಮೆಂಟ್ ಅಂತ ಮಾವನೇ ಹೇಳಿದ್ದಾರಲ್ಲ.

ದೊಡ್ಡಪ್ಪ: ನಾನೆಲ್ಲಿ ಹೇಳಿದೆ? ಬಂದದ್ದನ್ನು ಕಳಿಸಿದೆ ಅಷ್ಟೆ. ಚೀಲ ಎಲ್ಲಿ ಅಳಿಯಂದಿರೇ?

ಅತ್ತೆ: ಮೆಣಸು ಕುಯ್ಯೋ ನನ್ನ ಏಣಿಯೂ ಅಲ್ಲೇ ಇದೆ.

ಭಾವ: 40 ಅಲ್ಲ, 38. ಎರಡನ್ನು ಮೊದಲೇ ಇಲಿ ಕಡಿದಿತ್ತು.